ಶುಕ್ರವಾರದ ಫೋನು

ಕಂಪನಿ ಬೆಳೆದಂತೆಲ್ಲ ಆಫೀಸು ತುಂಬಬೇಕು, ಅದು ಲೋಕರೂಢಿ. ಆದರೆ ಫೋನಣ್ಣ ಇದ್ದ ಕಂಪನಿಯ ಜಾತಿಯೇ ಬೇರೆ. ಕಂಪ್ಯೂಟರ್ ಬಲ್ಲವರನ್ನು ಹುಡುಕಿ ಸೇರಿಸಿಕೊಳ್ಳುವುದು, ಸೇರಿಸಿಕೊಂಡವರನ್ನು ಬೇರೆ ಕಂಪನಿಗಳ ಕೆಲಸಕ್ಕೆ ಕಳಿಸುವುದು, ಇಷ್ಟೇ ಅದರ ಕಸುಬು. ನೇಮಕದ ಕಾಗದ ಇಲ್ಲಿಯದು, ದುಡಿಮೆ ಅಲ್ಲಿಯದು. ಹಾಗಾಗಿ ಅದು ದೊಡ್ಡದಾದಷ್ಟೂ ಅದರ ಮಂದಿ ಕಣ್ಣಿಗೆ ಬೀಳುವುದು ಕಡಿಮೆ. ಆಫೀಸಿನಲ್ಲಿ ಯಾರಾದರೂ ಸುಮ್ಮನೆ ಕೂತಿದ್ದರೆ ಅವರು ಎಲ್ಲಿಗೂ ಹೋಗಲು ಸಿಗದೆ ಕಾಯುತ್ತಿರುವವರು. ಅವರಿಗೆ ಬೆಂಚಿನವರು ಅಂತ ಹೆಸರು. ಬೆಂಚು ಖಾಲಿಯಾದ ದಿನ ಒಡತಿಗೆ ಎಲ್ಲಿಲ್ಲದ ಖುಷಿ. ಫೋನಣ್ಣನಿಗೆ ಮಾತ್ರ ಬಿಕೋ ಅನ್ನುತ್ತಿತ್ತು.

ಮೊದಲಿದ್ದದ್ದು ಮೋಟಾರು ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಎರಡು ಮೇಜು, ಒಂದು ಫೋನು, ಒಡತಿ, ಇವನು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು, ಬಾಗಿಲು ತೆಗೆಯುವುದಕ್ಕೆ, ಕಾಗದ ತಲುಪಿಸುವುದಕ್ಕೆ ಅಂತ ಸೇರಿಕೊಂಡಿದ್ದ. ಒಡತಿಯನ್ನು ಅಕ್ಕ ಅನ್ನುತ್ತಿದ್ದ. ಹನ್ನೊಂದು ಜನರನ್ನು ಹೊರಗಿನ ಕೆಲಸಕ್ಕೆ ಕಳಿಸಿದ ವರ್ಷ ಅವಳು ಅವನ ಕೈಗೆ ಫೋನು ಕೊಟ್ಟಳು.

"ನಮ್ಮವರು ಬೇರೆಯವರ ಮನೇಲಿ ದುಡಿಯೋರು ಕಣೋ. ಮದುವೆ ಮಾಡಿ ಕಳಿಸಿದ ಹಾಗೆ. ವಾರಕ್ಕೊಂದ್ಸಲ ತವರಿನ ದನಿ ಕೇಳದೇ ಇದ್ರೆ ಮರೆತೇ ಬಿಡ್ತಾರೆ. ಶುಕ್ರವಾರ ಶುಕ್ರವಾರ ವಿಚಾರಿಸ್ಕೋ."

"ನಂಗೆ ಕಂಪ್ಯೂಟರಿನ ಗಂಧಗಾಳಿ ಗೊತ್ತಿಲ್ವಲ್ಲ ಅಕ್ಕ."

"ಅದಕ್ಕೇ ನಿನಗೆ ಹೇಳ್ತಿರೋದು. ಗೊತ್ತಿರೋನು ಕಂಪ್ಯೂಟರ್ ವಿಷಯಾನೇ ಕೇಳ್ತಾನೆ."

ಅವನು ಕೇಳುತ್ತಿದ್ದದ್ದು ಇಷ್ಟೇ: ಊಟ ಆಯ್ತಾ, ಕೂರೋಕೆ ಕುರ್ಚಿ ಕೊಟ್ಟಿದ್ದಾರಾ, ಯಾರಾದ್ರೂ ಜೋರು ಮಾಡ್ತಾರಾ. ಕುರ್ಚಿಯ ಮಾತು ತಮಾಷೆಗಲ್ಲ. ಹೊರಗಿನಿಂದ ಬಂದವರ ಕೊರಳಿಗೆ ಬೇರೆ ಬಣ್ಣದ ಕಾರ್ಡು ಹಾಕಿ, ಪ್ರಿಂಟರಿನ ಪಕ್ಕದ ಸ್ಟೂಲು ತೋರಿಸುವ ಪುಣ್ಯಾತ್ಮರಿದ್ದರು. ಹಾಗೆ ಒಬ್ಬಳು ಮೂರು ವಾರ ಸ್ಟೂಲಿನಲ್ಲಿ ಕೂತು ಸೊಂಟ ಹಿಡಿಸಿಕೊಂಡಾಗ ಫೋನಣ್ಣ ಆ ಕಂಪನಿಯ ಮ್ಯಾನೇಜರನಿಗೇ ಫೋನು ಮಾಡಿ, "ನಿಮ್ಮ ಮಗಳಾಗಿದ್ರೆ ಅಲ್ಲಿ ಕೂರಿಸ್ತಿದ್ರಾ?" ಎಂದು ಕೂಗಾಡಿದ್ದ. ಕುರ್ಚಿ ಬಂತು. ಗಿರಾಕಿಯೂ ಉಳಿದ, ಅದೇ ಆಶ್ಚರ್ಯ. ಸಿಟ್ಟು ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೇರೆಯವರಿಗಾಗಿ ಬಂದಾಗ ಚೆನ್ನಾಗಿಯೇ ಕಾಣುತ್ತಿತ್ತು.

ಇಪ್ಪತ್ತೊಂದು ವರ್ಷ ಕಳೆಯಿತು. ಕಂಪನಿ ಗಾಜಿನ ಕಟ್ಟಡಕ್ಕೆ ಬಂತು. ಹೊರಗೆ ದುಡಿಯುವವರು ಎರಡು ಸಾವಿರದ ಆರುನೂರು ಜನ. ಅಕ್ಕ ಯಾವಾಗ ಮೇಡಂ ಆದಳೋ ಅವನಿಗೇ ಗೊತ್ತಾಗಲಿಲ್ಲ. ಈಗ ಕಂಪ್ಯೂಟರೇ ಎಲ್ಲರಿಗೂ ಮೆಸೇಜು ಕಳಿಸಿ ಯೋಗಕ್ಷೇಮ ಕೇಳುತ್ತಿತ್ತು. ಹಳಬರ ಅರವತ್ತು ಹೆಸರು ಮಾತ್ರ ಫೋನಣ್ಣನ ಪಾಲಿಗೆ ಉಳಿದಿತ್ತು. ಮೊದಲಾದರೆ ಯಾರಾದರೂ ಬಿಟ್ಟು ಹೋದರೆ ಅಕ್ಕ ಪಕ್ಕದ ಮೇಜಿನಿಂದಲೇ ಕೂಗಿ ಹೇಳುತ್ತಿದ್ದಳು, ಇವನು ಹೆಸರು ಹೊಡೆದುಹಾಕುತ್ತಿದ್ದ. ಈಗ ಅವಳು ಆರನೇ ಮಹಡಿ, ಇವನು ನಾಲ್ಕನೇ ಮಹಡಿಯ ಮೂಲೆ. ಹೇಳುವವರು ಯಾರು?

ಮನೆಯಲ್ಲೂ ಯಾರೂ ಇಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷ, ಮಕ್ಕಳಾಗಿರಲಿಲ್ಲ. ಶನಿವಾರ, ಭಾನುವಾರ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಲಿಫ್ಟಿನಲ್ಲಿ ಯಾರಾದರೂ ನಮಸ್ಕಾರ ಅಂದರೆ, ಕೆಮ್ಮಿ ಗಂಟಲು ಸರಿಮಾಡಿಕೊಂಡೇ ಉತ್ತರ ಕೊಡಬೇಕಾಗುತ್ತಿತ್ತು.

ಒಂದು ಬುಧವಾರ ಮಧ್ಯಾಹ್ನ, ಆಗಷ್ಟೇ ಸೇರಿದ್ದ ಹೊಸ ಸಾಹೇಬ ಎರಡು ಹಾಳೆ ಹಿಡಿದು ಬಂದ. ಒಂದು ಕಂಪನಿಯ ಪಟ್ಟಿ, ಇನ್ನೊಂದು ಫೋನಣ್ಣನದು.

"ನಿಮ್ಮ ಪಟ್ಟಿಯ ಮೂವತ್ತೇಳನೇ ಹೆಸರು ಯಾರದ್ರೀ?"

"ಟೆಸ್ಟಿಂಗ್ ತಮ್ಮ ಅಂತೀವಿ ಸಾರ್. ಬೇರೆಯವರು ಬರೆದಿದ್ದರಲ್ಲಿ ತಪ್ಪು ಹುಡುಕೋ ಕೆಲಸ. ಬಂಗಾರದಂಥ ಮನುಷ್ಯ."

"ಆ ಬಂಗಾರ ನಮ್ಮನ್ನ ಬಿಟ್ಟು ಎರಡು ವರ್ಷ ಆಯ್ತು. ಈಗಿರೋದು ನಮಗೆ ಎದುರಾಗಿ ನಿಂತಿರೋ ಕಂಪನೀಲಿ. ನಮ್ಮ ಗಿರಾಕಿಗಳಿಗೇ ಅವರೂ ಜನ ಕಳಿಸೋದು. ಫೋನಿನ ಬಿಲ್ಲು ನೋಡಿದೆ, ನೀವು ವಾರ ವಾರ ಅವನ ಹತ್ರ ಕಾಲು ಗಂಟೆ ಮಾತಾಡಿದ್ದೀರಿ. ಏನು ಮಾತು ಅಂತ ಕೇಳಬಹುದಾ?"

ಹಾವು ತುಳಿದವನಂತೆ ಫೋನಣ್ಣ ಎದ್ದು ನಿಂತ. "ಉಂಡ ಮನೆಗೆ ಎರಡು ಬಗೆಯೋನಾ ನಾನು?"

"ಹಾಗಂದೆನಾ? ಯಾರು ಇದ್ದಾರೆ, ಯಾರು ಇಲ್ಲ ಅನ್ನೋದೇ ಗೊತ್ತಿಲ್ಲದ ಫೋನು ಯಾತಕ್ಕೆ ಅಂತ. ಇದನ್ನ ನಿಲ್ಲಿಸಿಬಿಡೋಣ ಅಂತ ಮೇಡಂಗೆ ಬರೀತೀನಿ."

ನಿಲ್ಲಿಸುವುದು! ಆ ಮಾತು ಎದೆಗೇ ನಾಟಿತು. ಶುಕ್ರವಾರವನ್ನೂ ಕಿತ್ತುಕೊಂಡರೆ ಅವನ ವಾರದಲ್ಲಿ ಉಳಿಯುವುದೇನು?

"ಇರಿ, ನಿಮ್ಮೆದುರಿಗೇ ಕೇಳ್ತೀನಿ" ಎಂದು ಫೋನಿನ ಸ್ಪೀಕರ್ ಒತ್ತಿ ನಂಬರು ತಿರುಗಿಸಿದ. ಎರಡನೇ ರಿಂಗಿಗೇ ಆ ಕಡೆಯಿಂದ ದನಿ ಬಂತು.

"ಅಣ್ಣಾ? ಇವತ್ತು ಬುಧವಾರ ಅಲ್ವಾ! ಹುಷಾರಾಗಿದ್ದೀರಾ? ಮಂಡಿನೋವು ಜಾಸ್ತಿ ಆಯ್ತಾ?"

ಸಾಹೇಬನ ಹುಬ್ಬು ಮೇಲೇರಿತು.

"ನನ್ನ ಮಂಡಿ ಹಾಳಾಗಲಿ. ನೀನು ಕಂಪನಿ ಬಿಟ್ಟು ಎರಡು ವರ್ಷ ಆಯ್ತಂತೆ. ನಿಜಾನಾ, ಸುಳ್ಳಾ?"

ಆ ಕಡೆ ಯಾರೋ ಪಟಪಟ ಟೈಪ್ ಮಾಡುತ್ತಿರುವುದು ಕೇಳಿಸುತ್ತಿತ್ತು.

"ನಿಜ ಅಣ್ಣ."

"ಯಾಕೋ ಹೇಳಲಿಲ್ಲ?"

"ಹೇಳೋಣ ಅಂತಲೇ ಅವತ್ತು ಫೋನ್ ಎತ್ತಿದ್ದು. ನಾನು ಬಾಯಿ ತೆಗೆಯೋಕೆ ಮುಂಚೆ ನೀವು, ನಿಮ್ಮತ್ತಿಗೆ ಹೋಗಿಬಿಟ್ಲು ಕಣೋ ಅಂದ್ರಿ. ಆಗ ಹೇಗೆ ಹೇಳಲಿ? ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಮುಂದಿನ ವಾರ ನೀವು, ಒಲೆ ಹಚ್ಚೋಕೇ ಮನಸ್ಸಾಗಲ್ಲ ಅಂದ್ರಿ. ಹಾಗೇ ಹಾಗೇ ಮುಂದಕ್ಕೆ ಹೋಯ್ತು."

"ಕಂಪನಿ ವಿಷಯ ಒಂದಾದರೂ ನನ್ನ ಬಾಯಿಂದ ಬಂದಿದ್ಯಾ? ಹೇಳು, ಸಾಹೇಬ್ರು ಇಲ್ಲೇ ಇದ್ದಾರೆ."

"ಅಯ್ಯೋ, ಇಲ್ಲ ಸಾರ್. ಅಡುಗೆ ಮಾಡ್ಕೊಂಡ್ರಾ, ಮಾತ್ರೆ ತಗೊಂಡ್ರಾ, ಬರೀ ಅದೇ. ಹೆಚ್ಚು ಮಾತಾಡೋದು ಅಣ್ಣಾನೇ. ನಾನು ಕೇಳಿಸ್ಕೊಳ್ಳೋನು."

ಫೋನಣ್ಣನ ಮೇಲಿದ್ದ ಆರೋಪ ತೊಳೆದುಹೋಯಿತು. ಜೊತೆಗೆ ಮಾನವೂ ಹೋದಂತಾಯಿತು. ಇಷ್ಟು ದಿನ ವಿಚಾರಿಸಿಕೊಳ್ಳುವವನು ತಾನು ಅಂದುಕೊಂಡಿದ್ದ. ಟೆಸ್ಟಿಂಗ್ ತಮ್ಮ ನೋಡಿದರೆ ಬಡಪಾಯಿಯೊಬ್ಬನ ಗೋಳು ಅಂತ ವಾರ ವಾರ ಕಿವಿ ಕೊಟ್ಟಿದ್ದನಲ್ಲ! ಅದೂ ನಿನ್ನೆ ಮೊನ್ನೆ ಬಂದ ಸಾಹೇಬನ ಎದುರಿಗೆ ಬಯಲಾಯಿತಲ್ಲ! ಮುಖ ಕೆಂಡವಾಯಿತು.

"ನಿನ್ನ ಕನಿಕರ ಯಾರು ಬೇಡಿದ್ರೋ? ಭಿಕ್ಷೆ ಹಾಕೋ ಹಾಗೆ ಮಾತು ಹಾಕ್ತಿದ್ಯಾ? ಇನ್ಮೇಲೆ ನಿನ್ನ ದನಿ ನನ್ನ ಕಿವಿಗೆ ಬೀಳಕೂಡದು!"

"ಅಣ್ಣಾ, ಒಂದ್ನಿಮಿಷ..."

ಫೋನು ಕುಕ್ಕಿದ.

ಸಾಹೇಬ ನೆಲ ನೋಡುತ್ತ ನಿಂತಿದ್ದ. ಆಮೇಲೆ ಮೆತ್ತಗೆ, "ತಪ್ಪು ನಮ್ಮದೂ ಇದೆ ಬಿಡಿ. ಯಾರೂ ನಿಮಗೆ ತಿಳಿಸಿಲ್ಲ. ಫೋನು ನಿಲ್ಲಿಸೋದು ಬೇಡ. ತಿಂಗಳಿಗೊಂದ್ಸಲ ಹೊಸ ಪಟ್ಟಿ ನಾನೇ ಕೊಡ್ತೀನಿ" ಎಂದ. ಜೇಬಿನ ಪೆನ್ನು ತೆಗೆದು ಮೂವತ್ತೇಳನೇ ಹೆಸರಿನ ಮೇಲೆ ಗೆರೆ ಎಳೆದು ಹೋದ.

ಅಂತೂ ಫೋನಣ್ಣ ಗೆದ್ದಿದ್ದ. ಶುಕ್ರವಾರ ಎಂದಿನಂತೆ ಬಂತು, ಎಂದಿನಂತೆ ಕೂತ. ಆದರೆ ಕಿವಿ ಕೆಟ್ಟುಹೋಗಿತ್ತು. "ಚೆನ್ನಾಗಿದ್ದೀನಿ ಅಣ್ಣ, ನೀವು ಹೇಗಿದ್ದೀರಿ?" ಎಂದು ಯಾರಾದರೂ ಕೇಳಿದರೆ ಸಾಕು, ಇವರೂ ಅಯ್ಯೋ ಪಾಪ ಅಂತಲೇ ಕೇಳುತ್ತಿದ್ದಾರಾ ಅನ್ನಿಸುತ್ತಿತ್ತು. ತನ್ನ ಸುದ್ದಿ ತೆಗೆಯದೆ, "ಸರಿ, ಇಡ್ತೀನಿ" ಅನ್ನುತ್ತಿದ್ದ. ಆರು ಗಂಟೆಯವರೆಗೆ ಸಾಗುತ್ತಿದ್ದ ಐವತ್ತೊಂಬತ್ತು ಫೋನು ನಾಲ್ಕಕ್ಕೇ ಮುಗಿದುಹೋಯಿತು.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಅಂತಾರೆ. ಬರುತ್ತದೋ ನೋಡೋಣ ಅಂತ ಎದ್ದು ಮೆಟ್ಟಿಲ ಬಳಿಗೆ ಹೋದ. ಅಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಕಂಪನಿಯ ಫೋನಿನಿಂದ ಟೆಸ್ಟಿಂಗ್ ತಮ್ಮನ ನಂಬರು ತಿರುಗಿಸುವಂತಿರಲಿಲ್ಲ. ಸ್ವಂತ ಮೊಬೈಲು ತೆಗೆದ. ಪಟ್ಟಿ ನೋಡಬೇಕಾಗಿರಲಿಲ್ಲ, ಬೆರಳಿಗೇ ನಂಬರು ಗೊತ್ತಿತ್ತು. "ತಪ್ಪಾಯ್ತು ಕಣೋ" ಅನ್ನುವುದನ್ನು ಒಮ್ಮೆ ಬಾಯಲ್ಲೇ ಆಡಿಸಿ ನೋಡಿದ. ಕಟ್ಟಿಕೊಂಡವಳಿಗೂ ಯಾವತ್ತೂ ಅಂದಿರದ ಮಾತು, ನಾಲಿಗೆ ಹೊರಳಲಿಲ್ಲ.

ರಿಂಗಾಯಿತು. ಪೂರ್ತಿ ರಿಂಗಾಗಿ ನಿಂತಿತು. ಆಗ ಹೊಳೆಯಿತು: ಇಷ್ಟು ವರ್ಷದಲ್ಲಿ ತನ್ನ ಸ್ವಂತ ನಂಬರನ್ನು ಅವನಿಗೆ ಕೊಟ್ಟೇ ಇರಲಿಲ್ಲ. ಗುರುತಿಲ್ಲದ ನಂಬರನ್ನು ಕೆಲಸದ ಹೊತ್ತಿನಲ್ಲಿ ಯಾರು ಎತ್ತುತ್ತಾರೆ? ಅಥವಾ ಇದು ನಾನೇ ಅಂತ ಊಹಿಸಿ ಎತ್ತಲಿಲ್ಲವೋ? ಎರಡರಲ್ಲಿ ಯಾವುದೆಂದು ತಿಳಿಯುವುದಕ್ಕೆ ದಾರಿಯಿರಲಿಲ್ಲ.

ಮತ್ತೆ ಒತ್ತಿದ. ಕೆಳಗಿನಿಂದ ಯಾರೋ ಹತ್ತಿ ಬರುವ ಸದ್ದಾಯಿತು. ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತ.