ಮಾವನ ಕೈಸೇರಿದ ಲಟ್ಟಣಿಗೆ

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುವುದಿಲ್ಲ ಎಂದೇ ಹೇಳಿಕೊಳ್ಳುತ್ತೇನೆ. ಆದರೆ ಆ ಮಾತಿನಲ್ಲಿ ಮೊದಲಿನ ಗತ್ತಿಲ್ಲ.

ಕೊರೊನಾ ಬಂದ ವರ್ಷ ನಾವು ವಿದೇಶದಲ್ಲಿ, ಸ್ವೋರ್ಡ್ಸ್ ಎಂಬ ಊರಿನಲ್ಲಿದ್ದೆವು. ಮೊಮ್ಮಗಳನ್ನು ನೋಡಲು ಮೈಸೂರಿನಿಂದ ಬಂದಿದ್ದ ನನ್ನ ಮಾವ, ಹೆಂಡತಿಯ ತಂದೆ, ವಿಮಾನಗಳು ನಿಂತು ಇಲ್ಲೇ ಸಿಕ್ಕಿಬಿದ್ದರು. ವಯಸ್ಸು ಎಂಬತ್ತೆರಡು. ಏರ್‌ಪೋರ್ಟ್ ಹತ್ತಿರದಲ್ಲೇ ಇದ್ದರೂ ಆಕಾಶದಲ್ಲಿ ಸದ್ದಿಲ್ಲ. ಮಾವ ಅಂಗಾಲು ಸುಟ್ಟ ಬೆಕ್ಕಿನಂತೆ ಮನೆಯೊಳಗೆ ಸುತ್ತುತ್ತಿದ್ದರು.

ಯೌವನದಲ್ಲಿ ಅವರು ಓಟಗಾರ. ಯುದ್ಧದಲ್ಲಿ ಸುಟ್ಟು ಮತ್ತೆ ಎದ್ದುನಿಂತ ಒಂದು ಪರದೇಶದ ನಗರದಲ್ಲಿ, ಹಲವು ದೇಶಗಳ ಕ್ರೀಡಾಕೂಟದಲ್ಲಿ ರಿಲೇ ಓಡಿದ್ದರು. ಹಿಂದಿನಿಂದ ಬರುವವನು "ಹಿಡಿ" ಎಂದು ಕೂಗಿದಾಗ ಮುಂದಿನವನು ಓಡುತ್ತಲೇ ಬ್ಯಾಟನ್ ಕೋಲಿಗೆ ಕೈ ಹಿಂದಕ್ಕೆ ಚಾಚಬೇಕು, ತಿರುಗಿ ನೋಡಬಾರದು. ಮಾವ ತಿರುಗಿದರು. ಬ್ಯಾಟನ್ ಕೆಳಗೆ ಬಿತ್ತು, ತಂಡ ಹೊರಬಿತ್ತು. ಬ್ಯಾಟನ್ ತಂದಿದ್ದವನು ಮೈಸೂರಿನ ಗೆಳೆಯನೇ.

"ಅವನು ಬೈಲಿಲ್ಲ ಕಣ್ರೀ ಅಳಿಯಂದ್ರೇ. ಬೈದಿದ್ರೆ ಚೆನ್ನಾಗಿತ್ತು. ನನ್ ಮೇಲೆ ನಂಬಿಕೆ ಇರ್ಲಿಲ್ವಾ ಅಂತ ಕೇಳ್ದ, ಅಷ್ಟೇ" ಎನ್ನುತ್ತಿದ್ದರು. ಆ ಗೆಳೆಯ ತೀರಿಕೊಂಡು ಹತ್ತು ವರ್ಷವಾಗಿತ್ತು. ಮಾವ ಮಣ್ಣಿಗೂ ಹೋಗಿರಲಿಲ್ಲ.

ಸಾಯುವುದರೊಳಗೆ ಒಮ್ಮೆಯಾದರೂ ತಿರುಗದೆ ಹಿಡಿಯಬೇಕೆಂದು ಹಟ ಹಿಡಿದರು. ಬ್ಯಾಟನ್ ಎಲ್ಲಿಂದ ತರುವುದು? ಮನೆಯಲ್ಲಿದ್ದ ಒಂದೇ ಲಟ್ಟಣಿಗೆ ಹೊರಬಂತು. ಸಂಜೆಗಳಲ್ಲಿ ಮನೆಯೆದುರಿನ ಹುಲ್ಲಿನಲ್ಲಿ ನಾನು ಓಡಿಬಂದು "ಹಿಡಿ" ಎನ್ನುವುದು, ಕೊನೆಯ ಗಳಿಗೆಯಲ್ಲಿ ಅವರ ಕತ್ತು ತಿರುಗುವುದು. ಎರಡು ವಾರ ಇದೇ ಆಯಿತು. ಪಕ್ಕದ ಮನೆಯಾಕೆ ಕಿಟಕಿಯಿಂದ "ಗ್ರ್ಯಾಂಡ್!" ಎಂದು ಹುರಿದುಂಬಿಸಿದರೆ ಮಾವನಿಗೆ ಮೈಯೆಲ್ಲ ಉರಿ.

ಆ ಸಂಜೆ ಒಂಬತ್ತಾದರೂ ಬೆಳಕಿತ್ತು. ಮಾವ ಮೂವತ್ತು ಹೆಜ್ಜೆ ಮುಂದೆ, ನನಗೆ ಬೆನ್ನು ಹಾಕಿ ನಿಂತಿದ್ದರು. ನನ್ನ ಶೂ ಲೇಸ್ ಬಿಚ್ಚಿತ್ತು. ಲಟ್ಟಣಿಗೆಯನ್ನು ಹುಲ್ಲಿನ ಮೇಲಿಟ್ಟು ಬಗ್ಗಿದೆ. ಕಟ್ಟಿ ತಲೆಯೆತ್ತಿದರೆ ಮಾವ ಆಗಲೇ ಓಡುತ್ತಿದ್ದಾರೆ. ಅವರ ಕೈ ಹಿಂದಕ್ಕೆ ಚಾಚಿಕೊಂಡಿದೆ. ಕತ್ತು ತಿರುಗಲಿಲ್ಲ. ಬೆರಳುಗಳು ಮುಚ್ಚಿಕೊಂಡವು. ಇನ್ನಷ್ಟು ಹೆಜ್ಜೆ ಹಾಕಿ ನಿಂತು, ಕೈ ಮೇಲೆತ್ತಿದರು. ಕೈಯಲ್ಲಿ ಲಟ್ಟಣಿಗೆ ಇತ್ತು. ನನ್ನ ಕಾಲ ಬಳಿ ಬರಿ ಹುಲ್ಲು.

"ತಿರುಗ್ಲಿಲ್ಲ, ನೋಡಿದ್ರಾ? ಇವತ್ತು ನೀವು ಕೂಗಿದ್ದು ಥೇಟ್ ಅವನ ಹಾಗೇ ಇತ್ತು!" ಮಾವ ನನ್ನ ಕೈ ಹಿಡಿದು ಅತ್ತರು. ನಾನು ಕೂಗಿರಲಿಲ್ಲ. ಯಾವ ಕೂಗೂ ನನಗೆ ಕೇಳಿಸಿರಲಿಲ್ಲ. ಆದರೂ "ಹೌದು ಮಾವ" ಎಂದುಬಿಟ್ಟೆ.

ಮರುದಿನ ಅದೇ ಜಾಗದಲ್ಲಿ ನಿಂತು ಹೆಜ್ಜೆ ಎಣಿಸಿದೆ. ಮೂವತ್ತು ಮೂವತ್ತೇ. ಇವತ್ತಿಗೂ ಲೆಕ್ಕ ಕೂಡಿಬಂದಿಲ್ಲ.

ಮಾವ ಊರಿಗೆ ಮರಳಿದರು, ಎರಡು ವರ್ಷಕ್ಕೆ ತೀರಿಕೊಂಡರು. ಕೊನೆಯ ಸಲ ಫೋನಿನಲ್ಲೂ "ನನ್ ಎದೆ ಭಾರ ಇಳಿಸಿದ್ರಿ ಅಳಿಯಂದ್ರೇ" ಎಂದರು. ಆ ಮಾತು ಯಾರಿಗೆ ಸಲ್ಲಬೇಕಿತ್ತೋ ತಿಳಿಯದು. ನಾನಂತೂ ಆ ಸಂಜೆ ಓಡಿಯೇ ಇರಲಿಲ್ಲ.