ಸುಶೀಲಮ್ಮನ ಒಬ್ಬನೇ ದೇವರು

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಜೆ.ಪಿ. ನಗರದ ಒಂದು ಆಸ್ಪತ್ರೆಯ ಪ್ಯಾಲಿಯೇಟಿವ್ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿದ್ದೆ. ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ, ಕೊನೆಯ ದಿನಗಳನ್ನು ಹಗುರಾಗಿಸುವುದು ಅಲ್ಲಿಯ ಕೆಲಸ. ಅಡ್ಮಿಷನ್ ಫಾರಂನಲ್ಲಿ ಕ್ರಿಶ್ಚಿಯನ್ ಎಂದಿದ್ದರೆ ಪಾಸ್ಟರಿಗೆ ಫೋನ್ ಮಾಡುವುದು ನಮ್ಮ ವಾಡಿಕೆ. ಜರಗನಹಳ್ಳಿಯ ಟೈಲರ್ ಸುಶೀಲಮ್ಮ ಬಂದಾಗಲೂ ಮಾಡಿದೆ, ಅವರನ್ನು ಒಂದು ಮಾತೂ ಕೇಳದೆ.

ಪಾಸ್ಟರ್ ಅವರ ಕೈ ಹಿಡಿದು ಪ್ರಾರ್ಥಿಸಿ, “ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ” ಎಂದು ಮುಗಿಸುತ್ತಿದ್ದಂತೆ ಸುಶೀಲಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡರು. ಪಾಸ್ಟರ್ ಹೋದ ಮೇಲೆ ಅವರನ್ನು ಗದರಿದೆ. ನನ್ನ ಬಾಯಿ ಸ್ವಲ್ಪ ಜೋರು.

“ದೇವರು ಒಬ್ಬನೇ ಸಿಸ್ಟರ್. ಅವನಲ್ಲಿ ಮೂವರಿಲ್ಲ. ಯೇಸುವೇ ಆ ಒಬ್ಬ,” ಎಂದರು. “ನಾನು ಅಂಗಡೀಲಿ ಟೈಲರ್, ಮನೇಲಿ ಅಮ್ಮ, ನಿಮ್ಮ ಹತ್ರ ಪೇಷಂಟು. ಹಾಗಂತ ಈ ಮಂಚದ ಮೇಲೆ ಮೂರು ಜನ ಮಲಗಿದ್ದೀವಾ?”

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ಈ ನಂಬಿಕೆಯ ಚಿಕ್ಕ ಸಭೆಯೊಂದಕ್ಕೆ ಸೇರಿ, ಯೇಸುವಿನ ಹೆಸರೊಂದರಲ್ಲೇ ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಂಡಿದ್ದರಂತೆ. ಚಿಕ್ಕಂದಿನಲ್ಲಿ ಅಪ್ಪ ಮೂರೂ ಹೆಸರಿನಲ್ಲಿ ಮಾಡಿಸಿದ್ದು ನಿನಗೆ ಸಾಲದಾಯಿತೇ ಎಂದು ವಿಲ್ಸನ್ ಗಾರ್ಡನ್‌ನಲ್ಲಿದ್ದ ಅಣ್ಣ ಸ್ಯಾಮ್ಯುಯೆಲ್ ಅಂದಿನಿಂದಲೇ ಮಾತು ಬಿಟ್ಟಿದ್ದರು. “ಸಾಯೋಕ್ ಮುಂಚೆ ಅಣ್ಣನ ಜೊತೆ ಒಂದ್ಸಲ ಪ್ರಾರ್ಥನೆ ಮಾಡ್ಬೇಕು,” ಎಂದರು. ಡಾಕ್ಟರ ಪ್ರಕಾರ ಅವರಿಗೆ ಉಳಿದದ್ದು ಒಂದು ವಾರ.

ನಾನೇ ಸ್ಯಾಮ್ಯುಯೆಲ್‌ಗೆ ಫೋನ್ ಮಾಡಿದೆ. ಮರುದಿನ ಬಂದವರು ವಾರ್ಡಿನೊಳಗೆ ಬಾರದೆ ಕಾರಿಡಾರಿನಲ್ಲೇ ನಿಂತರು. “ನನ್ನ ಥರ ಪ್ರಾರ್ಥನೆ ಮಾಡಿದ್ರೆ ಅವಳು ಒಪ್ಪಲ್ಲ. ಅವಳ ಥರ ನಾನು ಮಾಡಲ್ಲ,” ಎಂದರು.

ಇಬ್ಬರ ಹಟ ನೋಡಿ ನನಗೆ ತಲೆ ಕೆಟ್ಟುಹೋಯಿತು. “ಹನ್ನೆರಡಕ್ಕೆ ಮಾರ್ಫಿನ್ ಕೊಡ್ತೀವಿ ಸಾರ್, ನಿದ್ದೆ ಹತ್ತುತ್ತೆ. ಆಗ ನಿಮ್ಮ ಥರಾನೇ ಮಾಡಿ. ಅವರಿಗೇನು ಗೊತ್ತಾಗುತ್ತೆ?” ಎಂದುಬಿಟ್ಟೆ.

“ಅದು ಮೋಸ ಸಿಸ್ಟರ್. ಎಚ್ಚರ ಇರುವಾಗ್ಲೇ ಹೋಗ್ತೀನಿ.”

ನನಗೆ ನಾಚಿಕೆಯಾಯಿತು. ಅವರು ಒಳಗೆ ಹೋಗಿ ಸ್ಟೂಲ್ ಎಳೆದುಕೊಂಡು ಕೂತರು. “ಸುಶೀಲಾ, ನೀನೇ ಪ್ರಾರ್ಥನೆ ಮಾಡು. ನಾನು ಕೇಳ್ತೀನಿ.”

ಸುಶೀಲಮ್ಮ ನಿಧಾನವಾಗಿ ಪ್ರಾರ್ಥಿಸಿ ಕಣ್ಣು ತೆರೆದರು. “ಆಮೆನ್ ಅನ್ನಲ್ವಾ ಅಣ್ಣ?”

“ಇಲ್ಲಮ್ಮ. ನಾಳೆ ಮತ್ತೆ ಬರ್ತೀನಿ.”

ಹೀಗೆ ನಾಲ್ಕು ದಿನ ಬಂದು ಕೇಳಿದರು. ಐದನೆಯ ದಿನ ಸುಶೀಲಮ್ಮನಿಗೆ ದನಿ ಹೊರಡಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಸ್ಯಾಮ್ಯುಯೆಲ್ ಹತ್ತಿರಕ್ಕೆ ಬಗ್ಗಿ, ಅಷ್ಟು ದಿನ ಕೇಳಿದ್ದ ತಂಗಿಯ ಪ್ರಾರ್ಥನೆಯನ್ನು ಅವಳ ಮಾತುಗಳಲ್ಲೇ ಹೇಳತೊಡಗಿದರು. ಯೇಸುವಿನ ಹೆಸರಿಗೆ ಬಂದು ನಿಲ್ಲಿಸಿದರು. ಮುಂದೆ ತಂದೆ, ಮಗ, ಪವಿತ್ರಾತ್ಮ ಎಂದೇನೂ ಸೇರಿಸಲಿಲ್ಲ. ಅಂದು ಸಂಜೆಯೇ ಸುಶೀಲಮ್ಮ ತೀರಿಕೊಂಡರು.

“ತಂಗಿ ನಂಬಿದ್ದನ್ನ ನೀವು ಕೊನೆಗೂ ಒಪ್ಪಿದ್ರಾ ಸಾರ್?” ಎಂದು ಕೇಳಿದೆ.

“ಇಲ್ಲ. ಅವಳಿಗೆ ದನಿ ಇರ್ಲಿಲ್ಲ, ಅದಕ್ಕೇ,” ಎಂದವರು ಗೋಡೆಗೆ ಒರಗಿ ಅತ್ತರು.

ರೋಗಿಯ ನೆಮ್ಮದಿಗಾಗಿ ಏನು ಮಾಡಿದರೂ ಸರಿಯೇ ಎಂದು ಅಷ್ಟು ವರ್ಷ ನರ್ಸ್ ಆಗಿ ನಂಬಿದ್ದೆ. ನಿದ್ದೆಯಲ್ಲಿದ್ದರೂ ರೋಗಿಯ ನಂಬಿಕೆ ರೋಗಿಯದೇ, ಅದನ್ನು ಮುಟ್ಟುವ ಹಕ್ಕು ನಮಗಿಲ್ಲ ಎಂದು ನನಗೆ ಕಲಿಸಿದವರು ಆ ನಂಬಿಕೆಯನ್ನು ಕಿಂಚಿತ್ತೂ ಒಪ್ಪದ ಒಬ್ಬ ಅಣ್ಣ.