ಹೆಸರು ಹೇಳಿ, ಸೇರಿಸಿಕೊಳ್ಳುತ್ತೇವೆ

ನನಗೆ ಉಗ್ಗು ಇದೆ. ಮನೆಯ ಕುಂದಾಪುರ ಕನ್ನಡದಲ್ಲಿ ಕಡಿಮೆ, ಹೊರಗಿನ ತಮಿಳಿನಲ್ಲಿ ಹೆಚ್ಚು. ನನ್ನ ಹೆಸರನ್ನು ಮಾತ್ರ ಯಾವ ಭಾಷೆಯಲ್ಲೂ ಸಲೀಸಾಗಿ ಹೇಳಲಾರೆ. ಮೊದಲ ಅಕ್ಷರ ತುಟಿಗೆ ಅಂಟಿಕೊಂಡು ನಿಂತರೆ ಎದುರಿನವರು ನಗುತ್ತ, "ಪೇರೇ ಮರಂದುಪೋಚ್ಚಾ?" ಎನ್ನುತ್ತಾರೆ, ಹೆಸರೇ ಮರೆತುಹೋಯಿತೇ ಎಂದು. ನಾನೂ ನಕ್ಕುಬಿಡುತ್ತೇನೆ.

ಕುಂದಾಪುರದ ಕಡೆಯಿಂದ ಈ ತಮಿಳು ನಗರಕ್ಕೆ ಬಂದ ಅಪ್ಪ ಅಡ್ಯಾರಿನ ಹೋಟೆಲೊಂದರಲ್ಲಿ ಅಡಿಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮ ಮತ್ತು ನಾನು ವೇಲಚೇರಿಯ ಫ್ಲ್ಯಾಟಿನಲ್ಲಿದ್ದೇವೆ. ನಾನು ವಿಮಾ ಕಚೇರಿಯಲ್ಲಿ ಫೈಲು ನೋಡುತ್ತೇನೆ. ಮಾತು ಬೇಡದ ಕೆಲಸವೆಂದೇ ಹಿಡಿದದ್ದು.

ಉಗ್ಗುವವರೇ ಸೇರಿ ನಡೆಸುತ್ತಿದ್ದ ವೆಬ್‌ಸೈಟೊಂದು ಹೀಗೇ ಹುಡುಕುವಾಗ ಸಿಕ್ಕಿತ್ತು. ಯಾರು ಬೇಕಾದರೂ ತೆರೆದು ಓದಬಹುದಿತ್ತು, ಹೆಸರು ಕೇಳುವವರಿರಲಿಲ್ಲ. ಫೋನ್ ಎತ್ತಿದೊಡನೆ ಏನು ಹೇಳುವುದು, ಸಂದರ್ಶನದಲ್ಲಿ ಮಾತು ನಿಂತರೆ ಏನು ಮಾಡುವುದು, ಎಲ್ಲ ಅಲ್ಲಿತ್ತು. ರೈಲ್ವೆಯಿಂದ ನಿವೃತ್ತರಾದವರು ಎಂದು ಹೇಳಿಕೊಂಡಿದ್ದ ಹಿರಿಯರೊಬ್ಬರು ಯಾರ ಪ್ರಶ್ನೆಯನ್ನೂ ಹಾಗೇ ಬಿಡುತ್ತಿರಲಿಲ್ಲ. ಒಮ್ಮೆ ನನಗೆ ಬರೆದರು: "ಬೇಕಾದದ್ದು ಕಾಫಿಯಾದರೆ ಟೀ ಹೇಳಬೇಡಿ. ಕಾ-ಕಾ-ಕಾಫಿ ಎಂದೇ ಹೇಳಿ. ಮಾಣಿಗೆ ಅವಸರವಿದ್ದರೆ ಅದು ಅವನ ಕಷ್ಟ." ಹೋಟೆಲಿನವರ ಮಗಳಾದ ನಾನು ಆವರೆಗೆ ಹೋಟೆಲಿನಲ್ಲಿ ಟೀಯನ್ನೇ ಕುಡಿದಿದ್ದೆ. ಅದು ಅವರಿಗೆ ಹೇಗೆ ತಿಳಿಯಿತೋ!

ಆಮೇಲೆ ಒಂದು ಪ್ರಕಟಣೆ ಬಂತು. ಎಲ್ಲರೂ ಈಗ ಮೊಬೈಲಿನಲ್ಲೇ ಇದ್ದಾರೆ, ನಾವೂ ಚಾಟ್ ಗುಂಪಿಗೆ ಹೋಗುತ್ತೇವೆ, ಸೈಟು ಮುಚ್ಚುತ್ತದೆ. ಅಣಕಿಸಲೆಂದೇ ಬರುವವರ ಕಾಟ ಹೆಚ್ಚಾಗಿದೆ, ಆದ್ದರಿಂದ ಸೇರುವವರು ತಮ್ಮ ಹೆಸರು, ಊರು ಹೇಳಿ ಒಂದು ವಾಯ್ಸ್ ಮೆಸೇಜ್ ಕಳಿಸಬೇಕು. ಬರೆದವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಪರಸ್ಪರ ದನಿ ಕೇಳಿದರೆ ಧೈರ್ಯ ಬರುತ್ತದೆ ಎಂದೂ ಸೇರಿಸಿದ್ದರು.

ಕೋಣೆಯ ಬಾಗಿಲು ಹಾಕಿಕೊಂಡು ಹೆಸರು ಹೇಳಲು ಕೂತೆ. ಹೇಳಿದೆ, ಅಳಿಸಿದೆ, ಮತ್ತೆ ಹೇಳಿದೆ. ಅಮ್ಮ ಹೊರಗಿನಿಂದ, "ಯಾರ್ ಹತ್ರ ಮಾತಾಡುದು ನೀನು?" ಎಂದಳು.

"ಯಾರತ್ರವೂ ಇಲ್ಲ."

"ಮತ್ತೆ ನಿನ್ ಹೆಸ್ರು ನೀನೇ ಕರ್ಕಂಬುದು ಎಂತಕೆ?"

ಅಮ್ಮನ ದನಿ ಸೇರಿಕೊಂಡ ಅದನ್ನೂ ಅಳಿಸಿದೆ. ಕೆಲವು ವಾರಗಳ ನಂತರ, ಕಚೇರಿಗೆ ಹೋಗುವ ರೈಲಿನಲ್ಲಿ ಒತ್ತಿ ನೋಡಿದರೆ ಸೈಟು ತೆರೆಯಲಿಲ್ಲ. ಅವರೆಲ್ಲ ಎಲ್ಲೋ ಸೇರಿ ಮಾತಾಡುತ್ತಿದ್ದಾರೆ, ನಾನು ಹೊರಗಿದ್ದೇನೆ. ಆ ಸೈಟು ಸಿಗುವ ಮೊದಲು ಯಾರೂ ಇಲ್ಲದಿದ್ದಾಗಲೂ ಹೀಗೆ ಅನಿಸಿರಲಿಲ್ಲ.

ಅದೇ ವರ್ಷ ಒಂದು ದಿನ ಕೌಂಟರಿನವರು ರಜೆ ಹಾಕಿದ್ದರಿಂದ ನಾನು ಅಲ್ಲಿ ಕೂರಬೇಕಾಯಿತು. ಕಾಲೇಜು ಮುಗಿಸಿದಂತಿದ್ದ ಹುಡುಗಿಯೊಬ್ಬಳು ತನ್ನ ತಂದೆಯ ಪಾಲಿಸಿ ಹಿಡಿದು ಬಂದಳು. ಹೆಸರು ಕೇಳಿದೆ. ಅವಳ ಗದ್ದ ಅಲುಗಿತು, ಕಣ್ಣು ಮುಚ್ಚಿತು, ದನಿ ಬರಲಿಲ್ಲ. ನಾನು ಮುಖ ತಿರುಗಿಸಲಿಲ್ಲ, ಕಾಗದ ನೋಡಿ ನಾನೇ ಹೆಸರು ಹೇಳಿಬಿಡಲೂ ಇಲ್ಲ, ಸುಮ್ಮನೆ ಕಾದೆ. ಹೆಸರು ಹೊರಬಂದ ಮೇಲೆ ಅವಳು ನನ್ನನ್ನೇ ನೋಡಿ, "ನೀಂಗಳುಮಾ, ಅಕ್ಕಾ?" ಎಂದಳು. ನೀವೂನಾ?

"ಆ... ಆಮಾ," ಎಂದೆ, ಹೌದೆಂದು.

ಓದಲು ಎಲ್ಲಾದರೂ ಏನಾದರೂ ಇದೆಯೇ ಎಂದು ಕೇಳಿದಳು. ಅವಳು ಎಷ್ಟು ಹುಡುಕಿದರೂ ವಾರದಲ್ಲಿ ಗುಣಪಡಿಸುತ್ತೇವೆ ಎನ್ನುವ ಜಾಹೀರಾತುಗಳೇ ಸಿಕ್ಕಿದ್ದವಂತೆ. ಅವಳ ಫೋನು ತೆಗೆದುಕೊಂಡು ಆ ವಿಳಾಸ ಟೈಪು ಮಾಡಿದೆ. ಅರ್ಧದಲ್ಲಿ ಕೈ ನಿಂತಿತು.

"ಇತ್ತು," ಎಂದೆ ತಮಿಳಿನಲ್ಲಿ. "ಈಗ ಗುಂಪು ಮಾಡಿದ್ದಾರೆ."

"ನೀವು ಅದರಲ್ಲಿ ಇದ್ದೀರಲ್ಲ, ಅಕ್ಕಾ?"

ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಸಂಜೆ ವೇಲಚೇರಿ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂತು ರೆಕಾರ್ಡ್ ಮಾಡಿದೆ. ಹೆಸರು ಸಿಕ್ಕಿಕೊಂಡಿತು. ಅದು ಬಿಡಿಸಿಕೊಳ್ಳುವವರೆಗೆ ಗುಂಡಿಯನ್ನು ಒತ್ತಿಯೇ ಹಿಡಿದಿದ್ದೆ. ಪ್ರಕಟಣೆಯಿಂದ ಆಗ ಬರೆದಿಟ್ಟುಕೊಂಡಿದ್ದ ನಂಬರಿಗೆ ತಿರುಗಿ ಕೇಳದೆ ಕಳಿಸಿದೆ. ಉತ್ತರವೂ ದನಿಯಲ್ಲೇ ಬಂತು, ಯಾರೋ ಹೆಂಗಸು, ನನಗಿಂತ ಹೆಚ್ಚು ತಡವರಿಸುತ್ತ ಬನ್ನಿ ಎಂದರು. ಬೆಂಚಿನ ಮೇಲೆ ಕೂತೇ ಅತ್ತುಬಿಟ್ಟೆ.

ಗುಂಪಿನೊಳಗೆ ಹೋಗಿ ನೋಡಿದರೆ ಗುಡ್ ಮಾರ್ನಿಂಗ್ ಹೂವುಗಳು, ಹಬ್ಬದ ಶುಭಾಶಯಗಳು. ಯಾರೋ ಫೋನಿನ ಭಯದ ಬಗ್ಗೆ ಕೇಳಿದ್ದರು. ಅದಕ್ಕೆ ಒಬ್ಬರು ಕೈಮುಗಿದ ಚಿತ್ರ ಹಾಕಿದ್ದರು. ಹಳೆಯ ಉತ್ತರ ನನಗೆ ನೆನಪಿದ್ದಷ್ಟು ಬರೆದೆ. ಮರುದಿನ ಸಂಜೆಯೊಳಗೆ ಅದು ಯಾರದೋ ಹುಟ್ಟುಹಬ್ಬದ ಹಾರೈಕೆಗಳ ಕೆಳಗೆ ಹೋಯಿತು.

ರೈಲ್ವೆಯ ಹಿರಿಯರು ಎಲ್ಲಿ ಎಂದು ಕೇಳಿದೆ. "ಅವರಿಗೂ ಹೇಳಿದ್ವಿ. ನೋಡೋಣ ಅಂದ್ರು, ಬರಲೇ ಇಲ್ಲ," ಎಂದರು ಆ ಹೆಂಗಸು. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲೆಂದು ಹುಡುಕುವುದು?

ಹುಡುಗಿಯನ್ನು ಸೇರಿಸಿದೆ. ಸ್ವಲ್ಪ ದಿನವಿದ್ದು, ಮೆಸೇಜುಗಳು ತುಂಬ ಬರುತ್ತವೆ ಅಕ್ಕಾ ಎಂದು ಬರೆದು ಬಿಟ್ಟುಹೋದಳು. ನಾನು ಇದ್ದೇನೆ. ಕೇಳಿದವರಿಗೆ ಬರೆಯುತ್ತೇನೆ, ಅವತ್ತು ಇದ್ದವರು ಓದುತ್ತಾರೆ.

"ಗುಂಪಲ್ಲಿ ಎಂತ ಹೇಳ್ತ್ರ್ ಇವತ್ತು?" ಎನ್ನುತ್ತಾಳೆ ಅಮ್ಮ, ಊಟಕ್ಕೆ ಬಡಿಸುತ್ತ.

"ಯಾರದ್ದೋ ಮದುವೆ ದಿನ ಅಂಬ್ರ್."

"ಯಾರದ್ದು?"

"ಗೊತ್ತಿಲ್ಲಮ್ಮ," ಎಂದು ಅನ್ನ ಕಲಸುತ್ತೇನೆ.